ಸಾಲ ಮತ್ತು ಮುಯ್ಯಿ: ಯುರೋಪಿನ ಏಕೀಕರಣ ಹಾಗೂ ವಿಜಯಪುರದ ಗಡಿಸೀಮೆ

‘ಏಕೀಕರಣ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು 1956ರ ನವೆಂಬರ್ 1. ಎರಡನೆಯ ಮಹಾಯುದ್ಧದ ತರುವಾಯ ಯುರೋಪಿನ ರಾಷ್ಟ್ರಗಳು ಹಂತಹಂತವಾಗಿ ಕಟ್ಟಿಕೊಂಡ ಒಕ್ಕೂಟವನ್ನು ವಿವರಿಸುವಾಗಲೂ ನಮ್ಮ ಪತ್ರಿಕೆಗಳು ಮತ್ತು ಪಠ್ಯಪುಸ್ತಕಗಳು ಇದೇ ಪದವನ್ನು ಬಳಸುತ್ತವೆ. ಈ ಎರಡು ಚಾರಿತ್ರಿಕ ಪ್ರಕ್ರಿಯೆಗಳು ಹುಟ್ಟಿದ ಬಗೆ ಬೇರೆ, ಸಾಗಿದ ದಾರಿಯೂ ಬೇರೆ. ಆದರೆ ಎರಡೂ ಒಂದು ಪ್ರಶ್ನೆಯ ಎದುರು ಬಂದು ನಿಂತಿವೆ. ಒಂದಾದ ಮೇಲೆ ಒಬ್ಬರ ಕಷ್ಟಕಾಲಕ್ಕೆ ಇನ್ನೊಬ್ಬರು ಒದಗಿಸುವ ನೆರವನ್ನು ಸಾಲವೆಂದು ಬರೆದುಕೊಳ್ಳಬೇಕೆ, ಮುಯ್ಯಿ ಎಂದು ಬರೆದುಕೊಳ್ಳಬೇಕೆ ಎಂಬುದೇ ಆ ಪ್ರಶ್ನೆ. ಅರ್ಥಶಾಸ್ತ್ರಜ್ಞರು ಇದನ್ನು ತಮ್ಮ ಪರಿಭಾಷೆಯಲ್ಲಿ ಚರ್ಚಿಸಿದ್ದಾರೆ. ಜಾನಪದ ಅಧ್ಯಯನಕಾರರಿಗೂ ಇಲ್ಲಿ ಹೇಳುವುದಕ್ಕೆ ಒಂದಿಷ್ಟು ಇದೆ ಎಂಬುದು ಈ ಲೇಖನದ ನಿಲುವು.

ನೋಡುವ ನೆಲೆಯಾಗಿ ಇಲ್ಲಿ ಆರಿಸಿಕೊಂಡಿರುವುದು ವಿಜಯಪುರ ನಗರ ಮತ್ತು ಅದರ ಪಶ್ಚಿಮಕ್ಕೆ ಹರಡಿರುವ ತಿಕೋಟಾ, ಬಬಲೇಶ್ವರ ಸೀಮೆ. ಇವೆರಡೂ 2018ರ ಹೊತ್ತಿಗೆ ಪ್ರತ್ಯೇಕ ತಾಲ್ಲೂಕುಗಳಾದವು. ಅದಕ್ಕೆ ಮೊದಲು ವಿಜಯಪುರ ತಾಲ್ಲೂಕಿನ ಭಾಗಗಳಾಗಿದ್ದವು. ತಿಕೋಟಾದ ವಾಯವ್ಯಕ್ಕೆ ಕನಮಡಿ, ಬಿಜ್ಜರಗಿ, ಬಾಬಾನಗರಗಳನ್ನು ದಾಟಿದರೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು. ಬಬಲೇಶ್ವರದ ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿದರೆ ಜಮಖಂಡಿ. ಸ್ವಾತಂತ್ರ್ಯಪೂರ್ವದಲ್ಲಿ ವಿಜಯಪುರವು ಮುಂಬಯಿ ಪ್ರಾಂತದ್ದು. ಜತ್ತ ಒಂದು ಸಂಸ್ಥಾನ, ಜಮಖಂಡಿ ಇನ್ನೊಂದು ಸಂಸ್ಥಾನ. ಪೂರ್ವದಲ್ಲಿ ಸಿಂದಗಿಯ ಆಚೆಗೆ ನಿಜಾಮನ ಸೀಮೆ. ಹೀಗೆ ಒಂದೇ ಮಾತನಾಡುವ, ಒಂದೇ ದೇವರಿಗೆ ನಡೆದುಕೊಳ್ಳುವ ಜನ ನಾಲ್ಕು ದರಬಾರುಗಳಿಗೆ ಕಂದಾಯ ಕಟ್ಟುತ್ತಿದ್ದರು. ಗಡಿ ಎಂದರೇನು, ಅದು ಅಳಿದಾಗ ಏನಾಗುತ್ತದೆ, ಅಳಿಯದೆ ಉಳಿದಾಗ ಏನಾಗುತ್ತದೆ ಎಂಬುದನ್ನು ಈ ಸೀಮೆಯವರು ಬಾಳಿ ತಿಳಿದವರು.

ಮೊದಲು ಯುರೋಪಿನ ಕತೆಯನ್ನು ಸಂಗ್ರಹವಾಗಿ ನೋಡಬಹುದು. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮಾನ್ ಒಂದು ಪ್ರಸ್ತಾಪವನ್ನು ಮುಂದಿಟ್ಟರು. ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಒಂದೇ ಮೇಲಧಿಕಾರದ ಅಡಿಯಲ್ಲಿ ತರಬೇಕೆಂಬುದು ಅದರ ತಿರುಳು. ಇದರ ಹಿಂದೆ ಇದ್ದ ಚಿಂತಕ ಜಾನ್ ಮೊನೆ. ತೋಪು ಎರಕ ಹೊಯ್ಯಲು ಬೇಕಾದುದು ಉಕ್ಕು, ಉಕ್ಕಿಗೆ ಬೇಕಾದುದು ಕಲ್ಲಿದ್ದಲು. ಇವೆರಡೂ ಒಬ್ಬರ ಕೈಯಲ್ಲಿ ಉಳಿಯದಿದ್ದರೆ ಯುದ್ಧ ಹೂಡುವುದೇ ಅಸಾಧ್ಯವಾಗುತ್ತದೆ ಎಂಬ ಸರಳ ತರ್ಕ ಅದು. 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಎಂಬ ಆರು ರಾಷ್ಟ್ರಗಳು ಪ್ಯಾರಿಸ್ ಒಪ್ಪಂದಕ್ಕೆ ಸಹಿ ಮಾಡಿದವು. 1957ರ ರೋಮ್ ಒಪ್ಪಂದದಿಂದ ಸಾಮಾನ್ಯ ಮಾರುಕಟ್ಟೆ ಹುಟ್ಟಿತು. 1968ರಲ್ಲಿ ಈ ರಾಷ್ಟ್ರಗಳು ತಮ್ಮೊಳಗಿನ ಸುಂಕವನ್ನು ತೆಗೆದುಹಾಕಿದವು. 1985ರ ಶೆಂಗೆನ್ ಒಪ್ಪಂದ ಗಡಿಗಳಲ್ಲಿ ಜನರನ್ನು ತಡೆದು ಪರಿಶೀಲಿಸುವ ಪದ್ಧತಿಯನ್ನು ಕೈಬಿಡುವ ದಾರಿ ತೆರೆಯಿತು. 1995ರಿಂದ ಅದು ಆಚರಣೆಗೆ ಬಂದಿತು. 1992ರ ಮಾಸ್ಟ್ರಿಕ್ಟ್ ಒಪ್ಪಂದ ‘ಯುರೋಪಿಯನ್ ಒಕ್ಕೂಟ’ ಎಂಬ ಹೆಸರನ್ನೂ ಏಕ ನಾಣ್ಯದ ಸಂಕಲ್ಪವನ್ನೂ ಕೊಟ್ಟಿತು. 2002ರ ಜನವರಿ 1ರಂದು ಯುರೋ ನೋಟು, ನಾಣ್ಯಗಳು ಜನರ ಕೈಗೆ ಬಂದವು. 2004ರಲ್ಲಿ ಒಮ್ಮೆಗೇ ಹತ್ತು ರಾಷ್ಟ್ರಗಳು ಒಕ್ಕೂಟವನ್ನು ಸೇರಿದವು.

ಈ ಕ್ರಮವನ್ನು ಗಮನಿಸಬೇಕು. ಅಲ್ಲಿ ಮೊದಲು ಬಂದದ್ದು ಪೇಟೆ, ಅನಂತರ ನಾಣ್ಯ. ರಾಜಕೀಯ ಐಕ್ಯ ಅವುಗಳ ಬೆನ್ನಿಗೆ ತಾನಾಗಿ ಬಂದೀತೆಂಬ ನಂಬಿಕೆಯಿತ್ತು. ಭಾಷೆ, ಹಾಡು, ಕತೆ, ಆಚರಣೆಗಳ ಮಾತು ಆ ಒಪ್ಪಂದಗಳಲ್ಲಿ ಬಹುಕಾಲ ಕೇಳಿಬರಲೇ ಇಲ್ಲ.

ನಮ್ಮಲ್ಲಿ ನಡೆದದ್ದು ಇದಕ್ಕೆ ತಿರುವುಮುರುವಾದ ಕ್ರಮದಲ್ಲಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾದಾಗ ಅದರ ಮುಂದಿದ್ದುದು ಭಾಷೆಯ ಪ್ರಶ್ನೆ. ಆಲೂರು ವೆಂಕಟರಾಯರು ಕಟ್ಟಿಕೊಟ್ಟದ್ದು ಗತವೈಭವದ ನೆನಪು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಮೈಸೂರಿನ ಓದುಗನಿಗೂ ಹಲಸಂಗಿಯ ಗರತಿಗೂ ನಡುವೆ ಆಗ ಒಂದೇ ಆಡಳಿತವಿರಲಿಲ್ಲ, ಒಂದೇ ಪೇಟೆಯೂ ಇರಲಿಲ್ಲ. ಹಾಡು ಮಾತ್ರ ಒಂದಾಗಿತ್ತು. ನಮ್ಮ ಶಿಸ್ತಿನ ಹಿರಿಯರು ಮಾಡಿದ ಈ ಕೆಲಸವನ್ನು ಏಕೀಕರಣದ ಇತಿಹಾಸಕಾರರು ಸಾಕಷ್ಟು ಎತ್ತಿ ಹೇಳಿಲ್ಲವೆಂಬ ಕೊರಗು ಈ ಲೇಖಕನಿಗೆ ಇದೆ.

ಭಾವ ಮೊದಲು, ರಾಜ್ಯ ಅನಂತರ. 1920ರ ನಾಗಪುರ ಕಾಂಗ್ರೆಸ್ ಅಧಿವೇಶನ ಭಾಷಾವಾರು ಪ್ರಾಂತಗಳ ತತ್ತ್ವವನ್ನು ಒಪ್ಪಿತು. 1924ರ ಬೆಳಗಾವಿ ಅಧಿವೇಶನದ ಸಂದರ್ಭದಲ್ಲಿ ಏಕೀಕರಣ ಪರಿಷತ್ತು ನಡೆಯಿತು. 1953ರಲ್ಲಿ ನೇಮಕಗೊಂಡ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು. 1956ರಲ್ಲಿ ವಿಜಯಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮತ್ತು ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದವು. ರಾಜಧಾನಿ ಮುಂಬಯಿಯಿಂದ ಬೆಂಗಳೂರಿಗೆ ತಿರುಗಿತು. ಪೇಟೆ ತಿರುಗಿತೆ?

ತಿರುಗಲಿಲ್ಲ, ಅಥವಾ ಪೂರ್ತಿಯಾಗಿ ತಿರುಗಲಿಲ್ಲ ಎಂದು ಹೇಳಬೇಕಾಗುತ್ತದೆ. 1884ರಲ್ಲಿ ಬಂದ ಗದಗ–ಹೊಟಗಿ ರೈಲುಮಾರ್ಗ ವಿಜಯಪುರದ ಮುಖವನ್ನು ಸೊಲ್ಲಾಪುರದ ಕಡೆಗೆ ತಿರುಗಿಸಿತ್ತು. ಸೊಲ್ಲಾಪುರದ ಗಿರಣಿಗಳಿಗೆ ದುಡಿಯಲು ಹೋದವರು, ಬರಗಾಲದಲ್ಲಿ ಸಾಂಗ್ಲಿ, ಕೊಲ್ಲಾಪುರಗಳ ಕಡೆ ಕಬ್ಬು ಕಡಿಯಲು ಹೋದವರು ಈ ಸೀಮೆಯ ಮನೆಮನೆಯಲ್ಲಿ ಸಿಗುತ್ತಾರೆ. ಇದಕ್ಕೆ ಇಂದಿನ ಅತ್ಯಂತ ಸ್ಪಷ್ಟ ನಿದರ್ಶನ ದ್ರಾಕ್ಷಿ. ಕರ್ನಾಟಕದಲ್ಲಿ ದ್ರಾಕ್ಷಿ ಬೆಳೆಯುವ ಜಿಲ್ಲೆಗಳಲ್ಲಿ ವಿಜಯಪುರ ಮುಂಚೂಣಿಯದು. ಅದರಲ್ಲಿ ತಿಕೋಟಾ, ಬಬಲೇಶ್ವರ ಭಾಗದ ಪಾಲು ದೊಡ್ಡದು. ಇಲ್ಲಿಯ ಬೆಳೆಯ ಬಹುಭಾಗ ಹಸಿ ಹಣ್ಣಾಗಿ ಮಾರಾಟವಾಗದೆ ಮಣೂಕವಾಗುತ್ತದೆ, ಎಂದರೆ ಒಣದ್ರಾಕ್ಷಿಯಾಗುತ್ತದೆ. ಕೊಯ್ದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ‘ಡಿಪ್ಪಿಂಗ್ ಆಯಿಲ್’ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಯ ಅಂತಸ್ತುಗಳ ಮೇಲೆ ಹರಡಿ, ಎರಡು ವಾರದ ಆಸುಪಾಸು ನೆರಳಿನಲ್ಲಿ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಮಣೂಕ. ಹೀಗೆ ಸಿದ್ಧವಾದ ಮಾಲಿಗೆ ವಿಜಯಪುರದ ಕೃಷಿ ಉತ್ಪನ್ನ ಮಾರುಕಟ್ಟೆ ಇದೆ. ಆದರೂ ಲಾರಿಗಟ್ಟಲೆ ಮಾಲು ತಾಸಗಾಂವ ಮತ್ತು ಸಾಂಗ್ಲಿಗಳಿಗೇ ಹೋಗುತ್ತದೆ. ಶೀತಲಗೃಹಗಳು ಅಲ್ಲಿ ಹೆಚ್ಚು, ಕೊಳ್ಳುವವರೂ ಅಲ್ಲಿ ಹೆಚ್ಚು, ಬೆಳೆಗೆ ಮುಂಚೆಯೇ ಕೈಗಡ ಕೊಡುವ ಅಡತಿಯವರೂ ಅಲ್ಲಿಯವರೇ.

ಈ ಬೇಸಾಯದ ಮಾತುಗಳನ್ನು ಕೇಳಿದರೆ ಪೇಟೆಯ ದಿಕ್ಕು ತಾನಾಗಿ ತಿಳಿಯುತ್ತದೆ. ಬಳ್ಳಿ ಸವರುವುದು ‘ಚಾಟ್ನಿ’. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಎರಡು. ಹರಾಜು ‘ಲಿಲಾವು’. ಮಾರಾಟದ ಲೆಕ್ಕದ ಚೀಟಿ ‘ಪಟ್ಟಿ’. ಜೋಳದ ಬೇಸಾಯದಲ್ಲಿ ಕೂರಿಗೆ, ಕುಂಟಿ, ರಾಶಿ, ಹಂತಿ, ಕಣ ಎಂಬ ಅಚ್ಚಗನ್ನಡದ ಶಬ್ದಸಂಪತ್ತು ಇರುವ ಇದೇ ರೈತನ ಬಾಯಲ್ಲಿ ದ್ರಾಕ್ಷಿಯ ವಿಷಯ ಬಂದೊಡನೆ ಮರಾಠಿ, ಇಂಗ್ಲಿಷ್ ಪದಗಳು ಸಾಲುಗಟ್ಟುತ್ತವೆ. ಇದನ್ನು ಭಾಷೆಯ ಸೋಲೆಂದು ತಿಳಿಯಬೇಕಿಲ್ಲ. ಬೆಳೆ ಎಲ್ಲಿಂದ ಬಂದಿತೋ, ಹಣ ಎಲ್ಲಿಂದ ಬರುತ್ತದೆಯೋ ಅಲ್ಲಿಂದಲೇ ಮಾತೂ ಬರುತ್ತದೆ. ರಾಜಕೀಯವಾಗಿ ಬೆಂಗಳೂರಿಗೆ ಸೇರಿದ ತಿಕೋಟಾ ಆರ್ಥಿಕವಾಗಿ ಸಾಂಗ್ಲಿಯ ಜೊತೆಗಿನ ನಂಟನ್ನು ಬಿಟ್ಟಿಲ್ಲ ಎಂಬುದಕ್ಕೆ ಈ ಶಬ್ದಕೋಶವೇ ಸಾಕ್ಷಿ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು ರಾಜ್ಯಗಳ ಗಡಿಯ ತೆರಿಗೆ ತನಿಖಾ ಠಾಣೆಗಳು ಎದ್ದುಹೋದ ಮೇಲೆ ಈ ನಂಟಿಗೆ ಇದ್ದ ಅಡೆತಡೆಗಳೂ ಕಡಿಮೆಯಾದವು. ಯುರೋಪಿನ ಆರು ರಾಷ್ಟ್ರಗಳು 1968ರಲ್ಲೇ ತಮ್ಮೊಳಗಿನ ಸುಂಕವನ್ನು ತೆಗೆದಿದ್ದವು. ಒಂದೇ ದೇಶವಾಗಿದ್ದೂ ನಾವು ಒಳಗಡಿಗಳ ಠಾಣೆಗಳನ್ನು ತೆಗೆಯಲು ಅದಕ್ಕಿಂತ ಅರ್ಧ ಶತಮಾನ ತಡಮಾಡಿದೆವು.

ನಾಣ್ಯದ ವಿಷಯದಲ್ಲಿ ಮಾತ್ರ ಈ ಸೀಮೆ ಯುರೋಪಿಗಿಂತ ಮೊದಲೇ ಪಾಠ ಕಲಿತಿತ್ತು. ನಿಜಾಮನ ರಾಜ್ಯದಲ್ಲಿ ‘ಹಾಲಿ ಸಿಕ್ಕಾ’ ಎಂಬ ಪ್ರತ್ಯೇಕ ರೂಪಾಯಿ ಇತ್ತು. ಬ್ರಿಟಿಷ್ ಸೀಮೆಯ ರೂಪಾಯಿ ‘ಕಲ್ದಾರ’. ಏಳು ಹಾಲಿ ರೂಪಾಯಿಗೆ ಹೆಚ್ಚುಕಡಿಮೆ ಆರು ಕಲ್ದಾರ ಎಂಬುದು ರೂಢಿಯ ದರ. ಸಿಂದಗಿಯ ರೈತ ಆಚೆಯ ಸಂತೆಯಲ್ಲಿ ಎತ್ತು ಕೊಳ್ಳಬೇಕಾದರೆ ಈ ವಟ್ಟ ತೆರಬೇಕಾಗಿತ್ತು, ಗಡಿಯ ‘ಕರೋಡಗಿರಿ’ ನಾಕಾದಲ್ಲಿ ಸುಂಕವನ್ನೂ ಕೊಡಬೇಕಾಗಿತ್ತು. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿದರೂ ಹಾಲಿ ಸಿಕ್ಕಾ ಒಮ್ಮೆಲೆ ಮಾಯವಾಗಲಿಲ್ಲ. 1950ರಿಂದ ಅದು ಭಾರತದ ರೂಪಾಯಿಯ ಜೊತೆಜೊತೆಗೆ ನಡೆದು 1959ರಲ್ಲಿ ಕೊನೆಗೊಂಡಿತು. ಯುರೋ ಬಂದಾಗ ಹಳೆಯ ಫ್ರಾಂಕು, ಲಿರಾಗಳಿಗೆ ಹೊಸ ನಾಣ್ಯದ ಜೊತೆ ಚಲಾವಣೆಗೆ ದೊರೆತ ಕಾಲಾವಕಾಶ ಹೆಚ್ಚೆಂದರೆ ಎರಡು ತಿಂಗಳು.

ಹಾಲಿ ಸಿಕ್ಕಾ ಅಳಿದಾಗ ಕಲಬುರಗಿ ಸೀಮೆಗೆ ಆಗದ ತೊಂದರೆ ಯುರೋ ಬಂದಾಗ ಗ್ರೀಸ್ ದೇಶಕ್ಕೆ ಏಕೆ ಆಯಿತು? ಏಕ ನಾಣ್ಯದ ಸಮಸ್ಯೆ ಇರುವುದು ಇಲ್ಲಿಯೇ. ಸ್ವಂತ ನಾಣ್ಯವಿರುವ ದೇಶ ಕಷ್ಟಕ್ಕೆ ಸಿಕ್ಕಾಗ ಆ ನಾಣ್ಯದ ಬೆಲೆ ಇಳಿಯುತ್ತದೆ. ಅದರ ಮಾಲು ಹೊರಗಿನವರಿಗೆ ಅಗ್ಗವಾಗಿ, ಮಾರಾಟ ಹೆಚ್ಚಿ, ದೇಶ ಮೆಲ್ಲಗೆ ಚೇತರಿಸಿಕೊಳ್ಳುತ್ತದೆ. ಏಕ ನಾಣ್ಯದಲ್ಲಿ ಈ ದಾರಿ ಮುಚ್ಚಿಹೋಗುತ್ತದೆ. ಆಗ ಉಳಿಯುವ ದಾರಿ ಒಂದೇ: ಒಕ್ಕೂಟದ ಉಳಿದ ಭಾಗದಿಂದ ಹಣ ಹರಿದು ಬರಬೇಕು. ಭಾರತದಲ್ಲಿ ಬರ ಬಿದ್ದ ಜಿಲ್ಲೆಗೆ ಕೇಂದ್ರದ ಖಜಾನೆಯಿಂದ ಹಣ ಬರುತ್ತದೆ. ಹಣಕಾಸು ಆಯೋಗ ಐದು ವರ್ಷಕ್ಕೊಮ್ಮೆ ಪಾಲು ಗೊತ್ತುಮಾಡುತ್ತದೆ. ಯುರೋಪಿನಲ್ಲಿ ನಾಣ್ಯ ಒಂದಾಯಿತು, ಖಜಾನೆ ಒಂದಾಗಲಿಲ್ಲ. ಒಕ್ಕೂಟದ ಬಜೆಟ್ಟು ಸದಸ್ಯ ರಾಷ್ಟ್ರಗಳ ಒಟ್ಟು ವರಮಾನದ ನೂರಕ್ಕೆ ಒಂದರ ಆಸುಪಾಸಿನದು. ಮಾಸ್ಟ್ರಿಕ್ಟ್ ಒಪ್ಪಂದ ಪ್ರತಿ ರಾಷ್ಟ್ರದ ವಾರ್ಷಿಕ ಕೊರತೆ ಉತ್ಪನ್ನದ ಶೇಕಡಾ 3ನ್ನು, ಒಟ್ಟು ಸಾಲ ಶೇಕಡಾ 60ನ್ನು ಮೀರಬಾರದೆಂದು ಮಿತಿ ಹಾಕಿತು. ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆಯಲ್ಲ ಎಂಬ ಮಾತನ್ನೂ ಅದರಲ್ಲಿ ಬರೆಯಲಾಯಿತು.

2009ರ ಕೊನೆಗೆ ಗ್ರೀಸಿನ ನಿಜವಾದ ಕೊರತೆ ಹೊರಬಿದ್ದಿತು. 2010ರ ಮೇ ತಿಂಗಳಲ್ಲಿ ಯುರೋ ರಾಷ್ಟ್ರಗಳು ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ ಸೇರಿ 11,000 ಕೋಟಿ ಯುರೋ ನೆರವು ಘೋಷಿಸಿದವು. ನೆರವು ಎಂದರೆ ಸಾಲವೇ; ಪಿಂಚಣಿ, ಸಂಬಳ, ಆಸ್ಪತ್ರೆಯ ಖರ್ಚುಗಳನ್ನು ಕಡಿಯಬೇಕೆಂಬ ಕಟ್ಟುಪಾಡುಗಳ ಸಹಿತ ಕೊಟ್ಟ ಸಾಲ. 2012ರಲ್ಲಿ ಎರಡನೆಯ ಕಂತು, 2015ರಲ್ಲಿ ಮೂರನೆಯದು. 2015ರ ಜುಲೈ 5ರಂದು ಗ್ರೀಸಿನ ಜನ ಜನಮತಗಣನೆಯಲ್ಲಿ ಆ ಕಟ್ಟುಪಾಡುಗಳನ್ನು ಬಹುಮತದಿಂದ ತಿರಸ್ಕರಿಸಿದರು. ಕೆಲವೇ ದಿನಗಳಲ್ಲಿ ಅವರ ಸರ್ಕಾರ ಅಂಥವನ್ನೇ ಒಪ್ಪಿಕೊಂಡಿತು. ಕೊಡುವ ಜರ್ಮನಿಯಲ್ಲಿ ‘ನಮ್ಮ ದುಡಿಮೆಯನ್ನು ಅವರು ತಿಂದರು’ ಎಂಬ ಸಿಟ್ಟು. ಪಡೆಯುವ ಗ್ರೀಸಿನಲ್ಲಿ ‘ನಮ್ಮನ್ನು ಜೀತಕ್ಕಿಟ್ಟುಕೊಂಡರು’ ಎಂಬ ಸಿಟ್ಟು. ‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ’ ಎಂಬ ನಮ್ಮ ಗಾದೆ ಕೊಟ್ಟವನ ಪಾಡನ್ನಷ್ಟೇ ಹೇಳುತ್ತದೆ. ಅಲ್ಲಿ ಇಸಕೊಂಡವನೂ ಕೋಡಂಗಿಯಾದನು.

ಮುಯ್ಯಿ ಎಂಬ ಪದ್ಧತಿಯನ್ನು ಇಲ್ಲಿ ತುಸು ವಿವರವಾಗಿ ನೋಡುವುದು ಅಗತ್ಯ. ವಿಜಯಪುರ ಸೀಮೆಯಲ್ಲಿ ಮದುವೆ, ಕುಬಸ, ಮನೆ ಒಕ್ಕಲು ಮುಂತಾದ ಸಂದರ್ಭಗಳಲ್ಲಿ ಬೀಗರು, ಬಿಜ್ಜರು, ಓಣಿಯವರು ಬಟ್ಟೆ, ಪಾತ್ರೆ, ರೊಕ್ಕವನ್ನು ಕೊಡುತ್ತಾರೆ. ಇದಕ್ಕೆ ಆಯೇರಿ ಎಂತಲೂ ಮುಯ್ಯಿ ಎಂತಲೂ ಹೆಸರು. ಕೊಟ್ಟದ್ದನ್ನು ಒಬ್ಬರು ಪುಸ್ತಕದಲ್ಲಿ ಬರೆಯುತ್ತಾರೆ. ಆದ್ದರಿಂದ ಮುಯ್ಯಿಗೆ ಲೆಕ್ಕವಿಲ್ಲ ಎನ್ನುವಂತಿಲ್ಲ. ಲೆಕ್ಕ ಇದ್ದೇ ಇದೆ. ಸಾಲಕ್ಕೂ ಇದಕ್ಕೂ ಇರುವ ಭೇದ ಬೇರೆಡೆ ಇದೆ. ಸಾಲಕ್ಕೆ ತಿರುಗಿಸುವ ದಿನ ಗೊತ್ತಾಗಿರುತ್ತದೆ. ಮುಯ್ಯಿಗೆ ದಿನವನ್ನು ಗೊತ್ತುಮಾಡುವುದು ಕೊಟ್ಟವನ ಮನೆಯ ಮುಂದಿನ ಕಾರ್ಯ. ಸಾಲಕ್ಕೆ ಬಡ್ಡಿ ಉಂಟು. ಮುಯ್ಯಿಗೆ ಬಡ್ಡಿ ಇಲ್ಲ, ಆದರೆ ಕೊಟ್ಟಷ್ಟನ್ನೇ ತಿರುಗಿಸದೆ ತುಸು ಮೇಲೆ ಹಾಕಿ ತಿರುಗಿಸುವುದು ಮರ್ಯಾದೆ. ಹೆಚ್ಚಿಗೆ ಹಾಕಿದ ಆ ತುಸು ಭಾಗವೇ ನಂಟು ಮುಗಿಯದಂತೆ ನೋಡಿಕೊಳ್ಳುತ್ತದೆ. ಸರಿಸಮ ತಿರುಗಿಸಿದರೆ ಲೆಕ್ಕ ಚುಕ್ತಾ ಆಗಿ, ‘ಇನ್ನು ನಿಮ್ಮ ಸಹವಾಸ ಬೇಡ’ ಎಂದಂತೆಯೇ ಸರಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊಡುವವನು ತಾನೂ ಒಂದು ದಿನ ಪಡೆಯುವವನಾಗುವೆನೆಂದು ಒಪ್ಪಿಕೊಂಡೇ ಕೊಡುತ್ತಾನೆ. ಹೊಲದ ಕೆಲಸಕ್ಕೂ ಇದೇ ಕಟ್ಟು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿದು ಬರುವ ಮುಯ್ಯಾಳಿನಲ್ಲಿ ಕೂಲಿಯ ಮಾತಿಲ್ಲ, ತಿರುಗಿ ಬರುವ ಆಳಿನ ಮಾತಿದೆ.

ಇದನ್ನು ಹಳ್ಳಿಯ ಸುವರ್ಣಯುಗದ ಕುರುಹೆಂದು ಬಣ್ಣಿಸುವುದು ತಪ್ಪಾದೀತು. ಮುಯ್ಯಿಯ ಪುಸ್ತಕದಲ್ಲಿ ಎಲ್ಲ ಜಾತಿಗಳ ಹೆಸರೂ ಇರುವುದಿಲ್ಲ. ಹೆಣ್ಣು ಹೆತ್ತವರ ಮನೆ ಆಯೇರಿ ಹೊರುತ್ತ ಹೊರುತ್ತ ಹೊಲ ಮಾರಿದ ಪ್ರಸಂಗಗಳೂ ಇವೆ. ಮುಯ್ಯಿ ತಿರುಗಿಸಲಾರದ ಬಡವ ಕಾರ್ಯಕ್ಕೇ ಹೋಗದೆ ಮನೆಯಲ್ಲಿ ಉಳಿಯುತ್ತಾನೆ. ಅಂದರೆ ಮುಯ್ಯಿ ನಡೆಯುವುದು ‘ನಮ್ಮವರು’ ಎಂದು ಒಪ್ಪಿಕೊಂಡವರ ನಡುವೆ. ಆ ‘ನಮ್ಮವರು’ ಯಾರೆಂಬುದನ್ನು ಮಾತ್ರ ಅದು ತಾನಾಗಿ ಹಿಗ್ಗಿಸುವುದಿಲ್ಲ. ಯುರೋಪಿನ ತೊಡಕಿನ ತಿರುಳು ಇದೇ ಎಂದು ನನ್ನ ಭಾವನೆ. ಪೇಟೆ ಒಂದಾದರೆ ಜನ ತಾವಾಗಿ ನಮ್ಮವರಾಗುತ್ತಾರೆಂದು ಮೊನೆ ಅವರ ಪೀಳಿಗೆ ನಂಬಿತ್ತು. ಪೇಟೆ ಗಿರಾಕಿಗಳನ್ನು ಕೊಟ್ಟಿತು. ಬೀಗರನ್ನು ಕೊಡಲು ಅದಕ್ಕೆ ಇನ್ನೂ ಹೆಚ್ಚು ಕಾಲ ಬೇಕಿತ್ತು.

ಆದರೂ ಆ ದಾರಿ ಅಲ್ಲಿಗೇ ನಿಲ್ಲಲಿಲ್ಲ. 2020ರಲ್ಲಿ ಕೊರೋನಾ ಪಿಡುಗು ಬಂದಾಗ ಒಕ್ಕೂಟ ಹಿಂದೆಂದೂ ಮಾಡದ ಒಂದು ಕೆಲಸ ಮಾಡಿತು. ಎಲ್ಲ ರಾಷ್ಟ್ರಗಳ ಹೆಸರಿನಲ್ಲಿ ಒಟ್ಟಾಗಿ ಸಾಲ ಎತ್ತಿ, 75,000 ಕೋಟಿ ಯುರೋಗಳ ನಿಧಿಯೊಂದನ್ನು ಕಟ್ಟಲು ಜುಲೈ ತಿಂಗಳಲ್ಲಿ ಒಪ್ಪಿಕೊಂಡಿತು. ಅದರಲ್ಲಿ 39,000 ಕೋಟಿ ಯುರೋಗಳನ್ನು ಸಂಕಷ್ಟಕ್ಕೆ ಸಿಕ್ಕ ರಾಷ್ಟ್ರಗಳು ಹಿಂದಿರುಗಿಸಬೇಕಾಗಿಲ್ಲದ ಅನುದಾನವೆಂದು ಗೊತ್ತುಮಾಡಿತು. ನೆದರ್ಲೆಂಡ್ಸ್, ಆಸ್ಟ್ರಿಯಾ ಮುಂತಾದವು ಕೊನೆಯವರೆಗೆ ಕೊಸರಾಡಿದವು. ಹತ್ತು ವರ್ಷಗಳ ಹಿಂದೆ ಗ್ರೀಸಿಗೆ ಕೊಟ್ಟದ್ದು ಸಾಲ; ಈ ಸಲ ಇಟಲಿ, ಸ್ಪೇನುಗಳಿಗೆ ಕೊಟ್ಟದ್ದರಲ್ಲಿ ಮುಯ್ಯಿಯ ಅಂಶ ಸೇರಿತು. ಪಿಡುಗು ಯಾರ ತಪ್ಪೂ ಅಲ್ಲ, ನಾಳೆ ಅದು ನಮಗೂ ಬಂದೀತು ಎಂಬ ಅರಿವು ಈ ಬದಲಾವಣೆಗೆ ಕಾರಣವೆನ್ನಬಹುದು.

ರಾಜಕೀಯದ ಕಡೆಯ ತೊಡಕುಗಳು ಇದರಷ್ಟೇ ಗಂಭೀರವಾದವು. ಬ್ರಸೆಲ್ಸಿನಲ್ಲಿ ಕುಳಿತ ಆಯೋಗವನ್ನು ಜನ ನೇರವಾಗಿ ಆರಿಸುವುದಿಲ್ಲ. ಯುರೋಪಿನ ಸಂಸತ್ತಿಗೆ 1979ರಿಂದ ನೇರ ಚುನಾವಣೆ ನಡೆಯುತ್ತಿದ್ದರೂ ಅದು ದೂರದ ಊರಿನ ಪಂಚಾಯಿತಿಯಂತೆ ಹಲವರಿಗೆ ಕಾಣುತ್ತದೆ. ಒಕ್ಕೂಟಕ್ಕೆ ಸಂವಿಧಾನವೊಂದನ್ನು ಕೊಡುವ ಪ್ರಯತ್ನವನ್ನು 2005ರಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸಿನ ಮತದಾರರು ತಳ್ಳಿಹಾಕಿದರು. 2016ರ ಜೂನ್ 23ರಂದು ಬ್ರಿಟನ್ನಿನ ಶೇಕಡಾ 51.9ರಷ್ಟು ಮತದಾರರು ಹೊರಹೋಗಲು ಮತ ಹಾಕಿದರು. 2020ರ ಜನವರಿ 31ರಂದು ಆ ದೇಶ ಹೊರಬಂದಿತು. ಹೊರಬಂದಾಗ ಅತ್ಯಂತ ಕಗ್ಗಂಟಾದದ್ದು ಐರ್ಲೆಂಡಿನ ಗಡಿ. ಉತ್ತರ ಐರ್ಲೆಂಡು ಬ್ರಿಟನ್ನಿನದು, ಉಳಿದದ್ದು ಒಕ್ಕೂಟದಲ್ಲಿರುವ ಸ್ವತಂತ್ರ ರಾಷ್ಟ್ರ. 1998ರ ಶಾಂತಿ ಒಪ್ಪಂದದ ತರುವಾಯ ಹೆಚ್ಚುಕಡಿಮೆ ಅಳಿದಂತಿದ್ದ ಆ ಗೆರೆಯ ಮೇಲೆ ಮತ್ತೆ ನಾಕಾ ಕಟ್ಟಿದರೆ ರಕ್ತಪಾತ ಮರುಕಳಿಸೀತೆಂಬ ಭಯ. ಕೊನೆಗೆ ಮಾಲಿನ ತಪಾಸಣೆಯನ್ನು ನೆಲದ ಗಡಿಯಲ್ಲಿ ಮಾಡದೆ ಸಮುದ್ರದಾಚೆಯ ಬಂದರುಗಳಲ್ಲಿ ಮಾಡುವ ವ್ಯವಸ್ಥೆಗೆ ಬಂದರು. 2023ರಲ್ಲಿ ಅದನ್ನೂ ಸಡಿಲಿಸಿದರು. ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ ಇರುವವರ ಬಾಳು ದೂರದ ರಾಜಧಾನಿಯ ಚರ್ಚೆಯಲ್ಲಿ ಹೇಗೆ ಕೊನೆಯ ಮಾತಾಗುತ್ತದೆ ಎಂಬುದನ್ನು ಬಿಜ್ಜರಗಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ನಮ್ಮ ಗಡಿಯ ಕತೆಯೂ ಮುಗಿದಿಲ್ಲ. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಕರ್ನಾಟಕದಲ್ಲೇ ಉಳಿಯಬೇಕೆಂದೂ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಹಾಗೂ ಜತ್ತ ತಾಲ್ಲೂಕಿನ ಹಲವು ಗ್ರಾಮಗಳು ಕರ್ನಾಟಕಕ್ಕೆ ಬರಬೇಕೆಂದೂ, ನಿಪ್ಪಾಣಿ, ಖಾನಾಪುರ ಭಾಗದ ಗ್ರಾಮಗಳು ಮಹಾರಾಷ್ಟ್ರಕ್ಕೆ ಹೋಗಬೇಕೆಂದೂ ಅದು ಸೂಚಿಸಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಏಕೀಕರಣದೊಳಗೆ ಸೇರಿದವರ ನಡುವಿನ ಏರುಪೇರೂ ಉಳಿಯಿತು. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 26 ಉತ್ತರ ಕರ್ನಾಟಕದವು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ದೊರೆಯಿತು. ಮುಂಬಯಿ ಕರ್ನಾಟಕಕ್ಕೆ ಸೇರಿದ ವಿಜಯಪುರ ಅದರ ಹೊರಗೆ ಉಳಿಯಿತು. ಯುರೋಪಿನ ಒಕ್ಕೂಟ ತನ್ನ ಬಜೆಟ್ಟಿನ ಸುಮಾರು ಮೂರನೆಯ ಒಂದು ಭಾಗವನ್ನು ಹಿಂದುಳಿದ ಪ್ರದೇಶಗಳನ್ನು ಎತ್ತುವುದಕ್ಕೆ ಇಡುತ್ತದೆಂಬುದನ್ನು ಇಲ್ಲಿ ನೆನೆಯಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಯುರೋಪು ನಮಗೆ ಬರಿಯ ಹೋಲಿಕೆಯ ವಸ್ತುವಲ್ಲ. ಅದು ನಮ್ಮ ದ್ರಾಕ್ಷಿ ಪಡದೊಳಗೂ ಬಂದಿದೆ. ಒಂದಾದ ಪೇಟೆಗೆ ಒಂದಾದ ನಿಯಮಗಳು ಬೇಕು. ಹಣ್ಣಿನಲ್ಲಿ ಯಾವ ಔಷಧದ ಎಷ್ಟು ಅಂಶ ಉಳಿಯಬಹುದೆಂಬುದನ್ನು ಒಕ್ಕೂಟ ಎಲ್ಲ ಸದಸ್ಯರಿಗೂ ಒಂದೇ ಆಗಿ ಗೊತ್ತುಮಾಡುತ್ತದೆ. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಹೆಚ್ಚಿದೆಯೆಂದು ಯುರೋಪು ಮಾಲನ್ನು ತಡೆಯಿತು. ನಮ್ಮ ಬೆಳೆಗಾರರು ‘ಸಿ.ಸಿ.ಸಿ.’ ಎಂದು ಕರೆಯುವುದು ಇದನ್ನೇ. ಪೆಟ್ಟು ನೇರವಾಗಿ ಬಿದ್ದದ್ದು ನಾಸಿಕ, ಸಾಂಗ್ಲಿ ಕಡೆಯ ರಫ್ತು ಬೆಳೆಗಾರರಿಗೆ. ಒಣದ್ರಾಕ್ಷಿಯಲ್ಲಿ ಬೂಸ್ಟಿನಿಂದ ಹುಟ್ಟುವ ಆಕ್ರಟಾಕ್ಸಿನ್ ಎಂಬ ವಿಷದ ಮಿತಿಯನ್ನು ಒಕ್ಕೂಟ 2023ರಿಂದ ಕಿಲೊಗೆ 10 ಮೈಕ್ರೋಗ್ರಾಮಿನಿಂದ 8ಕ್ಕೆ ಇಳಿಸಿತು. ಈ ನಿಯಮಗಳು ಅನ್ಯಾಯವೆನ್ನಲಾಗದು. ತಿನ್ನುವವನ ಆರೋಗ್ಯಕ್ಕೆ ಅವು ಬೇಕು, ಇಲ್ಲಿ ತಿನ್ನುವವನಿಗೂ ಬೇಕು. ಆದರೆ ನಿಯಮ ಮಾಡುವ ಸಭೆಯಲ್ಲಿ ಬಾಬಾನಗರದ ಬೆಳೆಗಾರನಿಗೆ ಸ್ಥಾನವಿಲ್ಲ. ದೊಡ್ಡ ಪೇಟೆಯ ಏಕೀಕರಣ ಅದರ ಹೊರಗಿನವರನ್ನೂ ಆಳುತ್ತದೆ. ಭಾರತ ಮತ್ತು ಒಕ್ಕೂಟದ ನಡುವಿನ ವ್ಯಾಪಾರ ಒಪ್ಪಂದದ ಮಾತುಕತೆ 2007ರಲ್ಲಿ ಆರಂಭವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಹೊರಟಿತು.

ಒಪ್ಪಂದಗಳಿಲ್ಲದ ಇನ್ನೊಂದು ಒಕ್ಕೂಟ ಈ ಸೀಮೆಯಲ್ಲಿ ಬಹುಕಾಲದಿಂದ ಇದೆ. ದೀಪಾವಳಿ ಅಮಾವಾಸ್ಯೆಗೆ ಮಹಾರಾಷ್ಟ್ರದ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ಮಾಳಿಂಗರಾಯನ ಜಾತ್ರೆ. ಎರಡೂ ರಾಜ್ಯಗಳಿಂದ ಹಾಲುಮತದ ದೇವರ ಪಲ್ಲಕ್ಕಿಗಳು ಭಂಡಾರದ ಧೂಳಿನಲ್ಲಿ ಬಂದು ಅಲ್ಲಿ ಭೇಟಿಯಾಗುತ್ತವೆ. ಶಿವನೇ ಬಂದು ದೇವರಿಗೆ ಮುಂಡಾಸು ಸುತ್ತುತ್ತಾನೆಂಬ ನಂಬಿಕೆ. ಅರಕೇರಿಯ ಅಮೋಘಸಿದ್ಧನ ಜಾತ್ರೆಗೆ ಆಚೆಯವರು ಈಚೆ ಬರುತ್ತಾರೆ. ಜತ್ತ ತಾಲ್ಲೂಕಿನ ಗುಡ್ಡಾಪುರದ ದಾನಮ್ಮನಿಗೆ ವಿಜಯಪುರದಿಂದ ಸಾವಿರಾರು ಜನ ತಿಕೋಟಾ ದಾರಿಯಲ್ಲಿ ನಡೆದುಹೋಗುತ್ತಾರೆ. ದಾರಿಯುದ್ದಕ್ಕೂ ಊರವರು ನೀರು, ಊಟ ಇಟ್ಟುಕೊಂಡು ಕಾಯುತ್ತಾರೆ. ಸಂಕ್ರಾಂತಿಗೆ ವಿಜಯಪುರದಲ್ಲೂ ಸೊಲ್ಲಾಪುರದಲ್ಲೂ ಸಿದ್ಧರಾಮನ ನಂದಿಕೋಲುಗಳು ಏಳುತ್ತವೆ. ಡೊಳ್ಳಿನ ಹಾಡಿನ ಮೇಳಗಳು ಗಡಿಯ ಎರಡೂ ಬದಿ ಕನ್ನಡದಲ್ಲೇ ಸವಾಲು–ಜವಾಬು ನಡೆಸುತ್ತವೆ. ಹೀಗೆ ಪಲ್ಲಕ್ಕಿ ಬಂದ ಊರಿಗೆ ಪಲ್ಲಕ್ಕಿ ಹೋಗಲೇಬೇಕು, ಇದೂ ಮುಯ್ಯಿಯೇ. ಆದರೆ ಪಲ್ಲಕ್ಕಿಯಿಂದ ಹೊಲಕ್ಕೆ ನೀರು ಬರುವುದಿಲ್ಲ. ಜಾತ್ರೆಯ ಐಕ್ಯವನ್ನು ಹಾಡಿ ಹೊಗಳಿ ಅಲ್ಲಿಗೇ ನಿಲ್ಲುವ ನಮ್ಮ ಶಿಸ್ತಿನ ಅಭ್ಯಾಸವನ್ನು ಇಲ್ಲಿ ಬಿಡಬೇಕಾಗುತ್ತದೆ.

ಏಕೆಂದರೆ ಜತ್ತದ ಪ್ರಶ್ನೆ ನೀರಿನ ಪ್ರಶ್ನೆ. ಕೃಷ್ಣೆಯಿಂದ ನೀರೆತ್ತುವ ತುಬಚಿ–ಬಬಲೇಶ್ವರ ಯೋಜನೆ ಬಂದ ಮೇಲೆ ಈಚೆಯ ಒಣ ಹೊಲಗಳ ಮುಖ ಬದಲಾಯಿತು. ಆಚೆಯ ಹಲವು ಊರುಗಳಿಗೆ ಅವರದೇ ರಾಜ್ಯದ ಮ್ಹೈಸಾಳ ಯೋಜನೆಯ ನೀರು ತಲುಪಿರಲಿಲ್ಲ. ಬೇಸಿಗೆಯಲ್ಲಿ ಕರ್ನಾಟಕದ ಕೃಷ್ಣಾ ತೀರ ಬತ್ತಿದಾಗ ಮಹಾರಾಷ್ಟ್ರದ ಕೋಯ್ನಾದಿಂದ ನೀರು ಬಿಡಿಸಿಕೊಂಡು ಕರ್ನಾಟಕ ಹಣ ತೆರುತ್ತಿದ್ದ ಕಾಲವಿತ್ತು. 2019ರ ಹೊತ್ತಿಗೆ ಮಹಾರಾಷ್ಟ್ರದ ಕಡೆಯವರು ಹಣ ಬೇಡ, ನೀರಿಗೆ ನೀರು ಕೊಡಿ, ನಿಮ್ಮ ಏತ ನೀರಾವರಿಯಿಂದ ಜತ್ತದ ಊರುಗಳಿಗೆ ಹರಿಸಿ ಎಂಬ ಮಾತನ್ನು ಮುಂದಿಟ್ಟರು. ಎರಡು ಸರ್ಕಾರಗಳು ತಮಗೆ ತಿಳಿಯದೆಯೇ ಸಾಲದ ಭಾಷೆಯನ್ನು ಬಿಟ್ಟು ಮುಯ್ಯಿಯ ಭಾಷೆಗೆ ಬಂದದ್ದು ಗಮನಾರ್ಹ.

ಆ ಮಾತು ಕರಾರಾಗಿ ಗಟ್ಟಿಗೊಳ್ಳುವ ಮೊದಲೇ ಗಡಿಯ ಗದ್ದಲ ಎದ್ದಿತು. ನೀರಿಲ್ಲದೆ ಬೇಸತ್ತ ಜತ್ತ ತಾಲ್ಲೂಕಿನ ಸುಮಾರು 40 ಗ್ರಾಮಗಳು ಹಿಂದೆ ಕರ್ನಾಟಕಕ್ಕೆ ಸೇರುವ ನಿರ್ಣಯ ಮಾಡಿದ್ದವೆಂಬ ವಿಷಯ 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಹೇಳಿಕೆಯಿಂದ ಮುನ್ನೆಲೆಗೆ ಬಂದಿತು. ಮಹಾರಾಷ್ಟ್ರ ಕೆರಳಿತು, ಬಸ್ಸುಗಳಿಗೆ ಮಸಿ ಬಳಿದರು. ಅದೇ ಗದ್ದಲದ ನಡುವೆ ತುಬಚಿ–ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ಜತ್ತ ತಾಲ್ಲೂಕಿನ ಕಡೆ ಹರಿಯಿತು. ಡೋಣಿ ನದಿ ಹುಟ್ಟುವುದು ಅದೇ ಜತ್ತ ತಾಲ್ಲೂಕಿನಲ್ಲಿ. ಅಲ್ಲಿಂದ ಇಳಿದು ಸಾರವಾಡದ ಎರೆಭೂಮಿಯನ್ನು ಹಾಯ್ದು ಕೃಷ್ಣೆಯನ್ನು ಸೇರುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಈ ಸೀಮೆಯವರು ಹೇಳುತ್ತ ಬಂದದ್ದು ಆಚೆಯಿಂದ ಬಂದ ಆ ನೀರನ್ನು ಕುರಿತೇ.